ಕೂತಲ್ಲಿಂದಲೇ ಸುತ್ತುವ ಹಾಯಿ

ಗುರುವಾರ, ಸಂಜೆ

ಹಟಮಾರಿ ಮಹಾರಾಯರಿಗೆ,

ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ. ಚೆನ್ನಾಗಿಲ್ಲ ಎಂಬುದು ನನಗೆ ಭಾನುವಾರವೇ ಗೊತ್ತಾಯಿತು. 

ಮೊದಲು ಬೆಚ್ಚಿಬಿದ್ದದ್ದು ಹೋದ ವಾರ. ಬಂದರಿನ ಮೆಕ್ಯಾನಿಕ್ ನನ್ನ ಹಾಯಿ ಹೊಲಿಯುವ ಅಂಗಡಿಗೆ ಒಂದು ಮೂಟೆ ತಂದಿಳಿಸಿದ. ಯಾರೋ ಗಿರಾಕಿ ದೋಣಿಗೆ ಹಾಯಿ ಸುತ್ತುವ ಫರ್ಲರ್ ಹಾಕಿಸಿದ್ದಾರೆ, ಸುತ್ತಿಟ್ಟಾಗ ಬಿಸಿಲಿಗೆ ಹಾಳಾಗದಂತೆ ಹಾಯಿಯ ಅಂಚಿಗೆ ದಪ್ಪ ಬಟ್ಟೆ ಹೊಲಿಯಬೇಕು ಅಂದ. ಬಿಚ್ಚಿ ನೋಡಿದರೆ ನನ್ನದೇ ಹೊಲಿಗೆ! ನಮ್ಮದೇ ದೋಣಿಯ ಮುಂದಿನ ಹಾಯಿ! ನೀವು, ಫರ್ಲರ್! ಕಣ್ಣುಕಣ್ಣು ಬಿಟ್ಟುಕೊಂಡು ಕೂತೆ.

ಎಷ್ಟು ವರ್ಷ ಗೋಗರೆದಿದ್ದೆ! ಚುಕ್ಕಾಣಿಯ ಪಕ್ಕ ಕೂತು ಹಗ್ಗ ಎಳೆದರೆ ಸಾಕು, ಹಾಯಿ ಕಿಟಕಿಯ ಪರದೆಯ ಹಾಗೆ ಸುತ್ತಿಕೊಳ್ಳುತ್ತದೆ, ಗಾಳಿಯಲ್ಲಿ ಯಾರೂ ದೋಣಿಯ ಮೂತಿಗೆ ಹೋಗಬೇಕಿಲ್ಲ ಎಂದರೆ, “ಅದೆಲ್ಲ ಸೋಮಾರಿಗಳಿಗೆ ಕಣೇ” ಎನ್ನುತ್ತಿದ್ದಿರಿ. ಮೂತಿಗೆ ಹೋಗುತ್ತಿದ್ದವಳು ನಾನಲ್ಲವೇ! ಅಲೆ ನನ್ನನ್ನು ಎತ್ತಿ ಒಗೆದು ಭುಜದ ಎಲುಬು ಮುರಿದಾಗಲೂ, ಆಸ್ಪತ್ರೆಯ ಮಂಚದ ಪಕ್ಕ ನಿಂತು, ಕಾಲು ಸರಿಯಾಗಿ ಊರಬೇಕಿತ್ತು ಎಂದು ನನಗೇ ಬುದ್ಧಿ ಹೇಳಿದಿರಿ. ಅಲ್ಲಿಂದ ನೆಟ್ಟಗೆ ಅಕ್ಕನ ಮನೆಗೆ ಹೋದವಳು ನಾನು ಮತ್ತೆ ಬರಲಿಲ್ಲ.

ಹಾಗಾಗಿ ಭಾನುವಾರ ಮೆಕ್ಯಾನಿಕ್ ಜೊತೆ ನಾನೇ ಹಾಯಿ ಏರಿಸಲು ಬಂದದ್ದು. ಅಳತೆ ನೋಡಬೇಕು ಅಂದದ್ದು ಬರೀ ನೆಪ. ನನಗೆ ಹಾಕಿಸದೇ ಇದ್ದದ್ದನ್ನು ಯಾರಿಗಾಗಿ ಹಾಕಿಸಿದಿರಿ ಎಂದು ನೋಡಬೇಕಿತ್ತು. ಬೇರೆ ಯಾವಳೋ ಬಂದಿದ್ದಾಳೆ ಎಂದೇ ಅಂದುಕೊಂಡಿದ್ದೆ. ದೋಣಿಯ ಒಳಕೋಣೆಗೆ ಇಣುಕಿದರೆ ಒಂದೇ ತಟ್ಟೆ, ಒಂದೇ ಲೋಟ. ಹೊರಗೆ ಹಗ್ಗಗಳೆಲ್ಲ ಎಡಗಡೆಗೆ ಬಂದಿದ್ದವು. ಅವನ್ನು ಎಳೆಯುವ ವಿಂಚೂ ಎಡಕ್ಕೆ. ಎಡಗೈಯವಳು ನಾನು. ಪೆದ್ದಿಯ ಹಾಗೆ ಉಬ್ಬಿಹೋದೆ. ಪಾಪ, ಬಾಯಿಬಿಟ್ಟು ಹೇಳಲಾರದೆ ಹೀಗೆ ಕರೆಯುತ್ತಿದ್ದಾರೆ ಅಂದುಕೊಂಡೆ.

ಆಗಲೇ ಗಾಳಿಗೆ ನಿಮ್ಮ ಟೋಪಿ ಹಾರಿತು. ಬಲಗಡೆಗೆ ಹಾರಿದ ಟೋಪಿ ಹಿಡಿಯಲು ಎಡಗೈ ಬಂತು. ಬಲಗೈ ಜೇಬಿನಿಂದ ಕದಲಲೇ ಇಲ್ಲ. ನಾನು ಬಂದಾಗಿನಿಂದ ಅದು ಅಲ್ಲೇ ಇತ್ತು. ನೀವು ಏನೋ ತಮಾಷೆ ಮಾಡಿ ನಕ್ಕಿರಿ. ಹಗ್ಗಗಳು ಎಡಕ್ಕೆ ಬಂದದ್ದು ನನಗಾಗಿ ಅಲ್ಲವೆಂದು ಆಗ ಹೊಳೆಯಿತು. ಬರುತ್ತೇನೆ ಎಂದಷ್ಟೇ ಹೇಳಿ ಇಳಿದುಬಿಟ್ಟೆ.

ಆಮೇಲೆ ಮೆಕ್ಯಾನಿಕ್‌ನ ಬೆನ್ನು ಬಿದ್ದೆ. ಅವನ ಮೇಲೆ ಸಿಟ್ಟಾಗಬೇಡಿ. ನಾನು ಕೇಳಿದ ರೀತಿಗೆ ಕಲ್ಲೂ ಬಾಯಿಬಿಡುತ್ತಿತ್ತು. ಚಳಿಗಾಲದಲ್ಲಿ ನಿಮಗೆ ಲಕ್ವ ಹೊಡೆಯಿತಂತೆ. ಯಾರಿಗೆ ಹೇಳಿದರೂ ನನಗೆ ಮಾತ್ರ ಹೇಳಕೂಡದು ಎಂದು ಅವನಿಂದ ಆಣೆ ಹಾಕಿಸಿಕೊಂಡಿರಂತೆ. ಅದೂ ಹೋಗಲಿ. ಬರುವ ಸೋಮವಾರ ಒಬ್ಬರೇ ಸಮುದ್ರ ದಾಟಲು ಹೊರಡುತ್ತೀರಂತೆ! “ಫರ್ಲರ್ ಇದ್ರೆ ಒಂದು ಕೈ ಸಾಕು ಕಣಯ್ಯಾ” ಅಂದಿರಂತೆ. ಒಂದು ಕೈ! ರೀ, ನಿಮಗೆ ತಲೆ ನೆಟ್ಟಗಿದೆಯೇ?

ಹೋಗಬೇಡಿ. ನನ್ನ ಮೇಲಿನ ಹಟಕ್ಕೋ, ಕೈ ಹೋದ ಬೇಸರಕ್ಕೋ, ಯಾವುದಕ್ಕೂ ಹೋಗಬೇಡಿ. ನನಗೆ ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ, ಸದ್ಯಕ್ಕೆ ಇಳಿಯುವುದೂ ಇಲ್ಲ. ಆದರೆ ಸಿಟ್ಟು ಮಾಡಿಕೊಳ್ಳುವುದಕ್ಕಾದರೂ ನೀವು ಇರಬೇಕಲ್ಲ.

ಇಂತಿ,
ಯಾರು ಏನೇ ಅಂದರೂ ಇನ್ನೂ ನಿಮ್ಮ ಹೆಂಡತಿಯೇ ಆಗಿರುವವಳು

ತಾ.ಕ.: ದೋಣಿ ಕಳುವಾಗಿದೆ ಎಂದು ಬಂದರಿನವರಿಗೆ ದೂರು ಕೊಡಬೇಡಿ. ಗುರುವಾರ ನೀವು ಆಸ್ಪತ್ರೆಗೆ ಹೋಗುತ್ತೀರಿ ಎಂದೂ ಮೆಕ್ಯಾನಿಕ್ ಬಾಯಿಬಿಟ್ಟಿದ್ದ. ಇವತ್ತು ಬೆಳಿಗ್ಗೆ ನಾನೇ ಬಿಚ್ಚಿಕೊಂಡು ಬಂದೆ. ನನ್ನ ಅಂಗಡಿಯ ಹಿಂದೆ ಕಟ್ಟಿದ್ದೇನೆ. ನಿಮ್ಮ ಮಾತು ನಿಜವೋ ಏನೋ ನೋಡೋಣವೆಂದು ಅರ್ಧ ದಾರಿಯವರೆಗೆ ಒಂದೇ ಕೈಯಲ್ಲಿ ನಡೆಸಿದೆ. ಸಲೀಸಾಗೇ ಇತ್ತು. ಆಮೇಲೆ ಗಾಳಿ ಜೋರಾಯಿತು, ಹಾಯಿ ಸುತ್ತಲು ಹಗ್ಗ ಎಳೆದೆ. ನೀವು ದಡದಲ್ಲಿ ಸಡಿಲವಾಗಿ ಸುತ್ತಿ ಹಗ್ಗದ ಅಳತೆ ನೋಡಿದ್ದೀರಿ. ಗಾಳಿಯಲ್ಲಿ ಅದು ಬಿಗಿಯಾಗಿ ಸುತ್ತಿಕೊಳ್ಳುತ್ತದೆ, ಹೆಚ್ಚು ಹಗ್ಗ ಬೇಕು. ಹಗ್ಗ ಮುಗಿದೇಹೋಯಿತು. ಹಾಯಿಯ ಒಂದು ಮೂಲೆ ಹೊರಗೇ ಉಳಿದು ಬಡಿದುಕೊಳ್ಳತೊಡಗಿತು, ದೋಣಿ ವಾಲಿತು. ತೆವಳಿಕೊಂಡು ಮೂತಿಗೆ ಹೋಗಿ ಕಟ್ಟಿದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹಾಯಿ. ಇವತ್ತು ಸೋಮವಾರವಾಗಿದ್ದರೆ ಅಲ್ಲಿ ನೀವಿರುತ್ತಿದ್ದಿರಿ.