ನನ್ನ ಗಂಡನ ಮಾತ್ರೆ ನಿಲ್ಲಿಸಿದವರು ಯಾರು?

ಮಾನ್ಯ ಮುಖ್ಯ ವೈದ್ಯಾಧಿಕಾರಿಗಳೇ,

ನಡೆದುಕೊಂಡು ನಿಮ್ಮ ಆಸ್ಪತ್ರೆಗೆ ಬಂದ ನನ್ನ ಗಂಡನನ್ನು ನಾಲ್ಕನೇ ದಿನ ಮರದ ದಿಮ್ಮಿಯಂತೆ ಹೊತ್ತು ಹೊರಗೆ ತಂದೆವು. ಅದಕ್ಕೆ ಕಾರಣ ನಾನೇ ಎಂದು ನಿಮ್ಮ ಕಚೇರಿ ಈಗ ಬರೆದು ಕಳಿಸಿದೆ. ಮೊದಲನೆಯದನ್ನು ಹೇಗೋ ಸಹಿಸಿದ್ದೆ. ಎರಡನೆಯದನ್ನು ಸಹಿಸಲಾರೆ, ಆದ್ದರಿಂದ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಮ್ಮ ಯಜಮಾನರು ನಂಜುಂಡ, ಆಲೂರಿಗೂ ಕೆ. ಹೊಸಕೋಟೆಗೂ ಇಪ್ಪತ್ತೆರಡು ವರ್ಷ ಬಸ್ ಓಡಿಸಿದವರು. 1997ರಲ್ಲಿ ಬಲಗೈ ನಡುಗತೊಡಗಿತು. ಪಾರ್ಕಿನ್ಸನ್ ಕಾಯಿಲೆ ಎಂದರು. ಸ್ಟೇರಿಂಗ್ ಬಿಟ್ಟರು. ಆದರೂ ದಿನಕ್ಕೆ ಐದು ಸಲ ಗಡಿಯಾರ ನೋಡಿ ಮಾತ್ರೆ ನುಂಗಿ, ತಾವೇ ಅಂಗಿಯ ಗುಂಡಿ ಹಾಕಿಕೊಂಡು, ಬಸ್ ನಿಲ್ದಾಣದಲ್ಲಿ ಕೂತು ಹೊಸ ಡ್ರೈವರುಗಳ ತಪ್ಪು ಹುಡುಕುತ್ತಿದ್ದರು. ಕಳೆದ ವರ್ಷ, 2003ರ ಜೂನ್‌ನಲ್ಲಿ, ಹರ್ನಿಯಾ ಆಪರೇಷನ್‌ಗೆಂದು ನಿಮ್ಮಲ್ಲಿಗೆ ಕರೆತಂದೆ.

ವಾರ್ಡಿನ ಸಿಸ್ಟರ್ ಮಾತ್ರೆ ಡಬ್ಬಿ ಇಸಿದುಕೊಂಡರು. “ಹೊರಗಿನ ಮಾತ್ರೆ ಇಲ್ಲಿ ನಡೆಯಲ್ಲ ಕಣ್ರೀ. ಡಾಕ್ಟ್ರು ಬರೆದ್ರೆ ನಾವೇ ಕೊಡ್ತೀವಿ.” ಡಾಕ್ಟರು ಬರೆಯಲಿಲ್ಲ. ಎರಡು ಸಲ ನೆನಪಿಸಿದೆ. “ಆಪರೇಷನ್ ಆಗ್ಲಿ ಬಿಡಮ್ಮ” ಎಂದರು. ಆಪರೇಷನ್ ಆಯಿತು. ಅಷ್ಟರಲ್ಲಿ ಯಜಮಾನರ ದನಿ ಪಿಸುಗುಟ್ಟುವಷ್ಟಾಗಿತ್ತು.

“ಗಂಗಾ, ಮಾತ್ರೆ ಇಸ್ಕೊಂಡ್ ಬಾರೇ. ಕೈಕಾಲು ಬಿಗ್ದೋಯ್ತಾ ಐತೆ.”

“ಸುಮ್ನಿರಿ, ಅವ್ರಿಗೆ ಗೊತ್ತಿರಲ್ವಾ?” ಎಂದೆ ನಾನು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಡಂ!

ಮೂರನೇ ದಿನ ಮೈಯೆಲ್ಲ ಸೆಟೆದುಕೊಂಡಿತು. ಮೈ ಕೆಂಡದಂತೆ ಸುಡುತ್ತಿತ್ತು. ಚಮಚದಲ್ಲಿ ಕೊಟ್ಟ ನೀರು ಗಂಟಲಿಗಿಳಿಯದೆ ಕಟವಾಯಿಯಿಂದ ಹರಿಯಿತು. ಕಣ್ಣುಗಳು ಮಾತ್ರ ಅಲುಗುತ್ತಿದ್ದವು, ಅವು ನನ್ನನ್ನೇ ನೋಡುತ್ತಿದ್ದವು. “ಕಾಯಿಲೆ ಜಾಸ್ತಿಯಾಗಿದೆ” ಎಂದರು ನಿಮ್ಮ ಡಾಕ್ಟರು. ಆರು ವರ್ಷ ಮೆಲ್ಲಗೆ ತೆವಳಿದ ಕಾಯಿಲೆಗೆ ನಿಮ್ಮ ಮಂಚ ಕಂಡೊಡನೆ ಓಡುವ ಆಸೆ ಹುಟ್ಟಿತೇ?

ಪಕ್ಕದ ಮಂಚದಲ್ಲಿ ಮಾವನನ್ನು ನೋಡಿಕೊಳ್ಳುತ್ತಿದ್ದ ದೋಣಿಗಲ್ಲಿನ ಮಸೂದಾ ಮರುದಿನ ಬೆಳಿಗ್ಗೆ ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. “ಮೇಡಂ, ಇಲ್ಲೇ ಕೂತ್ರೆ ಅಣ್ಣ ಹೋಗ್ಬುಡ್ತಾರೆ. ಏಳಿ, ನಮ್ ಜೀಪ್ ಐತೆ.” ಅವಳ ಗಂಡ ಘಟ್ಟ ಇಳಿಸಿ ಮಂಗಳೂರಿಗೆ ತಲುಪಿಸಿದ. ಅಲ್ಲಿನ ವೈದ್ಯರ ಮೊದಲ ಪ್ರಶ್ನೆಯೇ, “ಕೊನೆಯ ಮಾತ್ರೆ ಕೊಟ್ಟಿದ್ದು ಯಾವಾಗ?” ಈ ಮಾತ್ರೆಯನ್ನು ಹೀಗೆ ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದರು. ಅದನ್ನೇ ಅರೆದು ಮೂಗಿನ ನಳಿಕೆಯಲ್ಲಿ ಇಳಿಸಿದರು. ಒಂಬತ್ತನೇ ದಿನ ಬೆರಳು ಅಲುಗಿತು.

ಬದುಕಿದ್ದಾರೆ. ಎದ್ದು ನಿಲ್ಲಲು ಇಬ್ಬರು ಬೇಕು. ಮಾತ್ರೆ ಡಬ್ಬಿಯನ್ನು ದಿಂಬಿನಡಿ ಇಟ್ಟುಕೊಳ್ಳುತ್ತಾರೆ, ನನ್ನ ಕೈಗೆ ಕೊಡುವುದಿಲ್ಲ. ನಾನು ಕೇಳುವುದೂ ಇಲ್ಲ.

ನನ್ನ ದೂರಿಗೆ ನಿಮ್ಮ ಉತ್ತರ ಹೀಗಿದೆ: “ರೋಗಿಯ ಕಡೆಯವರು ಮಾತ್ರೆಗಳ ಬಗ್ಗೆ ಮಾಹಿತಿ ನೀಡಿರುವುದಿಲ್ಲ.” ಹಾಗಾದರೆ ಸಿಸ್ಟರ್ ಇಸಿದುಕೊಂಡದ್ದು ಅಡಿಕೆ ಡಬ್ಬಿಯೇ? ಮಸೂದಾ ಸಾಕ್ಷಿ ಹೇಳಲು ಸಿದ್ಧಳಿದ್ದಾಳೆ. ಒಂದು ದಿನವೂ ನೀವು ಅವಳನ್ನು ಕೇಳಲಿಲ್ಲ.

ಆ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ಬರೆಯಿರಿ. ಈ ಕಾಯಿಲೆಯವರು ಯಾವುದಕ್ಕೇ ದಾಖಲಾಗಲಿ, ಅವರ ಮಾತ್ರೆ ಅವರ ಹೊತ್ತಿಗೆ ಸಿಗಬೇಕೆಂದು ಪ್ರತಿ ವಾರ್ಡಿಗೂ ಲಿಖಿತ ಆದೇಶ ಕೊಡಿ. ಕ್ಷಮೆ ಕೇಳುವುದಾದರೆ ನಮ್ಮ ಮನೆಗೆ ಬಂದು ಅವರನ್ನು ಕೇಳಿ. ನಾನು ಕೇಳಿದ್ದಾಗಿದೆ.

ಇಂತಿ,
ಗಂಡ ಬೇಡಿಕೊಂಡಾಗಲೂ ನಿಮ್ಮನ್ನೇ ನಂಬಿದ
ಗಂಗಾಮಣಿ
ನಿವೃತ್ತ ಶಿಕ್ಷಕಿ, ಕೆ. ಹೊಸಕೋಟೆ