ಚಿನ್ಮಯಿಯ ಮಜ್ಜಿಗೆಗೆ ಇಂಗು ಹಾಕುವ ಮುನ್ನ

ಉರಿಮಾಸ ಮೂವತ್ತನಾಲ್ಕು, ಇಸವಿ ೨೨೪೭
ಗದಗ, ಕೆಳಗಿನ ಊರು

ಶಶಿಕಲವ್ವ,

ನಿನ್ನನ್ನು ಏನೆಂದು ಕರೆಯಬೇಕೋ ತಿಳಿಯದೆ ಅರ್ಧ ದಿನ ಕಳೆದೆ. ವರಸೆಯಲ್ಲಿ ನೀನು ನನ್ನ ಮುತ್ತಜ್ಜಿಯ ಮುತ್ತಜ್ಜಿ. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು. ಕೊನೆಗೆ ಅವ್ವ ಎಂದೇ ಬರೆಯುತ್ತಿದ್ದೇನೆ. ಮೇಲಿನ ತಾರೀಖು ನೋಡಿ ಈ ಮುದುಕಿಗೆ ಅರಳುಮರಳು ಎನ್ನಬೇಡ. ಬೇಸಿಗೆ ಬೆಳೆದು ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಸದಾದಾಗ, ಉಳಿದ ತಿಂಗಳುಗಳಿಂದ ದಿನ ಕಿತ್ತು ಉರಿಮಾಸವೆಂಬ ಹೊಸ ತಿಂಗಳನ್ನು ನಡುವೆ ತುರುಕಿದರು. ನನ್ನ ಇತರ ಮಾತುಗಳೂ ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ಇದು ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಒಬ್ಬರಿಗೆ ಜನ್ಮಕ್ಕೆ ಒಂದೇ ಪತ್ರ. ಬಹಳ ಜನ ಅದನ್ನು ನಿಮ್ಮ ಕಾಲದವರನ್ನು ಬೈಯುವುದರಲ್ಲೇ ಮುಗಿಸಿಬಿಡುತ್ತಾರೆ.

ನಾನು ಬರೆಯುತ್ತಿರುವುದು ನಿನ್ನ ಮಗಳು ಚಿನ್ಮಯಿಗಾಗಿ. ಅವಳಿಗೆ ಗೋಧಿ ಆಗುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ನೀನು ಚಪಾತಿ, ಬ್ರೆಡ್ಡು, ಬಿಸ್ಕೀಟು ಎಲ್ಲ ಬಿಡಿಸಿದ್ದೀಯ. ಆದರೂ ಭೇದಿ ನಿಲ್ಲುತ್ತಿಲ್ಲ, ಕೂಸು ದಿನದಿಂದ ದಿನಕ್ಕೆ ಸೊರಗುತ್ತಿದೆ. ಇಷ್ಟು ಕತೆ ತಾಯಿಯಿಂದ ಮಗಳಿಗೆ ದಾಟಿ ನಮ್ಮವರೆಗೂ ಬಂದಿದೆ.

ಆ ಹೊಟ್ಟೆಯೂ ದಾಟಿ ಬಂದಿದೆ. ನನ್ನ ಮೊಮ್ಮಗಳು ಮಲಪ್ರಭಾಳಿಗೂ ಅದೇ ಕಾಯಿಲೆ. ಬಿಸಿಲಿಗೆ ಹೆದರಿ ನೆಲದ ಕೆಳಗೆ ಇಳಿದ ಊರು ನಮ್ಮದು. ಓಣಿಗೆಲ್ಲ ಒಂದೇ ಒಲೆ, ಮನೆಗೊಂದು ತಿಂಗಳು ಅಡುಗೆಯ ಸರದಿ. ಒಂದು ಕೂಸಿಗೆ ಪಥ್ಯ ಬಂತೆಂದರೆ ಇಡೀ ಓಣಿ ಅದೇ ಪಥ್ಯ ಹಿಡಿಯಬೇಕು, ಕೂಸು ಬೇರೆ ಕೂತು ಉಣ್ಣಬಾರದು. ಇದಕ್ಕೆ ಕೂಡುಪಥ್ಯ ಎನ್ನುತ್ತೇವೆ. ಜೋಳದ ರೊಟ್ಟಿ ಹೇಗೂ ಇತ್ತು. ಉಪ್ಪಿಟ್ಟಿಗೆ ಅಕ್ಕಿ ನುಚ್ಚು ಬಂತು, ಸಂಜೆಗೆ ನವಣೆ ಅನ್ನ. ಶಾವಿಗೆ ಹೋಯಿತು, ಹೋಳಿಗೆಯೂ ಹೋಯಿತು. "ಹೋಳಿಗಿ ಇಲ್ಲದ್ದು ಎಂಥಾ ಯುಗಾದಿ ಯವ್ವಾ, ಬರೇ ಬೇವು ತಿಂದು ಮಕ್ಕೊಳ್ಳೂದಾ?" ಎಂದು ಎದುರುಮನೆಯ ಬಸಲಿಂಗವ್ವ ಗೊಣಗಿದಳು. ಗೊಣಗುತ್ತಲೇ ಸಜ್ಜೆ ಹಿಟ್ಟಿನೊಳಗೆ ಹೂರಣ ತುಂಬಿ ತಟ್ಟಿದಳು. ಅದೆಲ್ಲ ಒಡೆದು ಹಂಚಿಗೆ ಮೆತ್ತಿಕೊಂಡಿತು, ಕೆರೆದು ಚಮಚದಲ್ಲಿ ತಿಂದೆವು.

ಇಷ್ಟಾದರೂ ಮಲಪ್ರಭಾ ಸುಧಾರಿಸಲಿಲ್ಲ. ಬೀಸುವ ಕಲ್ಲು ಬದಲಿಸಿದೆವು, ಪಾತ್ರೆ ಬದಲಿಸಿದೆವು, ನನ್ನ ತಲೆ ಕೆಟ್ಟುಹೋಯಿತು. ವಿಚಿತ್ರವೆಂದರೆ ದಾವಲಸಾಬನ ಸರದಿ ಬಂದ ತಿಂಗಳು ಮಾತ್ರ ಹುಡುಗಿ ಎದ್ದು ಓಡಾಡುತ್ತಿದ್ದಳು. ಅವನ ಅಡುಗೆಯೆಂದರೆ ಸಪ್ಪೆಯೆಂದು ಓಣಿಗೆ ಓಣಿಯೇ ಮೂಗು ಮುರಿಯುತ್ತಿತ್ತು. ಇವನು ಅಂಥದ್ದೇನು ಹಾಕುತ್ತಾನೆ ನೋಡಿಯೇಬಿಡೋಣ ಎಂದು ಒಲೆಯ ಪಕ್ಕದಲ್ಲೇ ಠಿಕಾಣಿ ಹೂಡಿದೆ. ಏನೂ ಕಾಣಲಿಲ್ಲ. ಏನು ಹಾಕುವುದಿಲ್ಲ ಎಂದು ನೋಡಬೇಕಿತ್ತು, ನನ್ನ ಬುದ್ಧಿಗಿಷ್ಟು! ಕೊನೆಗೆ ಅವನೇ ಬಾಯಿಬಿಟ್ಟ: "ಅಕ್ಕಾ, ಇಂಗಿನ ವಾಸನಿ ಬಂದ್ರ ನನಗ ತಲಿ ಸಿಡೀತೈತಿ. ನಿಮ್ಮಂಗ ಎಲ್ಲಾದಕ್ಕೂ ಇಂಗು ಹಾಕೂದು ನನ್ನ ಕೈಲಿ ಆಗಂಗಿಲ್ಲ."

ನಾವು ಉಳಿದವರು ಏನು ಮಾಡುತ್ತಿದ್ದೆವು ಗೊತ್ತೇ? ಹೊಟ್ಟೆ ಕೆಟ್ಟವರಿಗೆ ಇಂಗು ಒಳ್ಳೆಯದಲ್ಲವೇ, ಹಾಗಾಗಿ ಅವಳ ಮಜ್ಜಿಗೆಗೆ ಎಲ್ಲರೂ ಪ್ರೀತಿಯಿಂದ ಚಿಟಿಕೆ ಚಿಟಿಕೆ ಹಾಕುತ್ತಿದ್ದೆವು. ಕಾಯಿಲೆ ಹೆಚ್ಚಾದಷ್ಟೂ ಇಂಗೂ ಹೆಚ್ಚಾಯಿತು. ಇಂಗು ಮಾರುವವಳನ್ನು ಕೇಳಿದರೆ, "ಬರೇ ಇಂಗು ಯಾರ ನಾಲಿಗಿ ತಡೀತೈತಿ ಯವ್ವಾ? ಗೋಧಿಹಿಟ್ಟು ಕಲಸೇ ಮಾರ್ತೀವಿ, ಹಿಂದಿನಿಂದ ಹಂಗ ಐತಿ" ಎಂದಳು. ಅಂದೇ ಇಂಗು ಬಿಟ್ಟೆವು. ಈಗ ಮಲಪ್ರಭಾ ರೊಟ್ಟಿ ಸಾಲದೆಂದು ಜಗಳ ತೆಗೆಯುತ್ತಾಳೆ.

ಚಿನ್ಮಯಿಯ ಮಜ್ಜಿಗೆಗೆ ನೀನೂ ಹೀಗೇ ಚಿಟಿಕೆ ಇಂಗು ಹಾಕುತ್ತಿರಬೇಕು. ನಿನ್ನ ಅಡುಗೆಮನೆ ಹೇಗಿದೆಯೋ ನೋಡಬೇಕೆಂಬ ಆಸೆ ನನಗೆ. ನಿನ್ನ ಕಾಲದಲ್ಲಿ ಡಬ್ಬಿಯ ಮೇಲೆ ಏನೇನು ಬೆರೆಸಿದೆಯೆಂದು ಅಚ್ಚು ಹಾಕುತ್ತಿದ್ದರಂತೆ, ನಿಜವೇ? ಅಷ್ಟು ಸಣ್ಣ ಅಕ್ಷರವನ್ನು ಯಾರು ಓದುತ್ತಿದ್ದರು? ಗೋಧಿ ಬೆರೆಸದ ಇಂಗೂ ಸಿಗುತ್ತಿತ್ತಂತೆ. ಮದುವೆಮನೆಯಲ್ಲಿ ಎಲ್ಲರೂ ಪೂರಿ ತಿನ್ನುವಾಗ ಚಿನ್ಮಯಿ ಏನು ತಿನ್ನುತ್ತಾಳೆ? ಪಕ್ಕದಲ್ಲಿ ಯಾರಾದರೂ ಅವಳು ಉಣ್ಣುವುದನ್ನೇ ಉಣ್ಣುತ್ತಾರೆಯೇ? ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಒಂದು ಮಾತು ಮುಚ್ಚಿಡಲಾರೆ ಅವ್ವ. ನಮಗೆ ಬಂದ ಕತೆಯಲ್ಲಿ ಚಿನ್ಮಯಿ ಉಳಿಯಲಿಲ್ಲ. ಒಂದೇ ಮಗು ಸಾಕೆಂದಿದ್ದ ನೀನು, ಅವಳು ಹೋದ ಸಂಕಟ ತಾಳಲಾರದೆ ಇನ್ನೊಂದು ಹೆತ್ತೆ. ಆ ಮಗುವಿನ ಸಂತಾನ ನಾವು. ಚಿನ್ಮಯಿ ಉಳಿದರೆ ಆ ಮಗು ಹುಟ್ಟುತ್ತದೋ ಇಲ್ಲವೋ, ನಾವು ಇರುತ್ತೇವೋ ಇಲ್ಲವೋ, ಹಿಂದಂಚೆಯವರನ್ನು ಕೇಳಿದರೆ ಅವರೂ ಭುಜ ಹಾರಿಸುತ್ತಾರೆ. ನನ್ನ ಜೀವದ ಚಿಂತೆಯಿಲ್ಲ, ನಾನು ಉಂಡು ಉಟ್ಟು ಮುಗಿಸಿದವಳು. ಮಲಪ್ರಭಾಳನ್ನು ನೆನೆದು ಪೆನ್ನು ಕೆಳಗಿಟ್ಟೆ. ಅವಳಿಗೇ ಎಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ಆಕಿಗೂ ನನ್ನಂಗ ಹೊಟ್ಟಿ ನೋಯ್ತೈತೇನು ಅಜ್ಜಿ? ಹಂಗಾರ ಹೇಳಿಬಿಡು."

ನನಗೆ ಹೆದರಿಕೆಯಾಗುತ್ತಿದೆ. ಅವಳು ನನ್ನ ಮಗ್ಗುಲಲ್ಲೇ ಕೂತಿದ್ದಾಳೆ, ಎಡಗೈಯಲ್ಲಿ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಬರೆಯುತ್ತಿದ್ದೇನೆ. ಇವತ್ತಿನಿಂದಲೇ ಆ ಇಂಗು ನಿಲ್ಲಿಸು, ಅವ್ವ.

ನಿನ್ನ
ನೀಲಾಂಬಿಕೆ