ಇಪ್ಪತ್ತನಾಲ್ಕು ಮಂದಿಯ ಕೇಕು

ಮನೆಯಿಂದ,
ಡಿಸೆಂಬರ್ ಹನ್ನೊಂದು, ಬುಧವಾರ

ಚಿರಂಜೀವಿ ಅಳಿಯನಿಗೆ, ಮಾವ ಮಾಡುವ ಆಶೀರ್ವಾದಗಳು.

ನಿನ್ನ ಸೊಂಟದ ನೋವು ಈಗ ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಇರುವವನು, ಪಕ್ಕದ ಮನೆಯ ಟೈಲರಮ್ಮ ಹೊಲಿದುಕೊಟ್ಟ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ ಇಲ್ಲವೋ? ವಾಡಿಕೆಯೆಂದು ಕೇಳುತ್ತಿಲ್ಲ. ಮುಂದೆ ಬರೆಯಲಿರುವುದು ಕಟುವಾದದ್ದು. ಅದನ್ನು ಕಾಯಿಲೆಯವನ ಮೇಲೆ ಹೇರಿದ ಪಾಪ ನನಗೆ ಬೇಡ. ಇಲ್ಲಿ ನಿನ್ನ ಮಕ್ಕಳಿಬ್ಬರೂ ಆರೋಗ್ಯವಾಗಿದ್ದಾರೆ. ಗುಂಡನ ಕೆಮ್ಮು ಇಳಿದಿದೆ. ಅವನ ಅಕ್ಕ ಲಾಯರಮ್ಮನ ಮುಂದಿನ ಹಲ್ಲೊಂದು ಬಿದ್ದಿದೆ, ಬಾಯಿ ಮಾತ್ರ ಇನ್ನಷ್ಟು ಜೋರಾಗಿದೆ. ಅಳಿಯನೆಂಬ ಗೌರವಕ್ಕೆ ಒಂಬತ್ತು ವರ್ಷ ನಿನ್ನನ್ನು 'ನೀವು' ಎಂದೇ ಕರೆದೆ. ಈ ಪತ್ರದ ಮಟ್ಟಿಗೆ ಅದನ್ನು ಹಿಂತೆಗೆದುಕೊಂಡಿದ್ದೇನೆ. ಫೋನಿನಲ್ಲಾದರೆ 'ಸಿಗ್ನಲ್ ಹೋಗ್ತಿದೆ ಮಾವ' ಎಂದು ನುಣುಚಿಕೊಳ್ಳುತ್ತೀಯೆ. ಆದ್ದರಿಂದಲೇ ಕಾಗದ. ಇದನ್ನು ನಿನ್ನ ಹಡಗಿನ ಮುಂದಿನ ಬಂದರಿಗೆ ತಲುಪಿಸಲು ಕಂಪನಿಯ ಕಚೇರಿ ಒಪ್ಪಿದೆ.

ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಇಪ್ಪತ್ತೈದರಂದು ನೀನು ಎಂದೂ ಮನೆಯಲ್ಲಿದ್ದವನಲ್ಲ. ಅದಕ್ಕೆ ನನ್ನ ಮಗಳು ಕಂಡುಕೊಂಡ ಪರಿಹಾರ ನಿನಗೆ ಗೊತ್ತು: 'ಇಪ್ಪತ್ತೈದು ಊರಿನವರಿಗಿರಲಿ, ನಮಗೆ ಇವರು ಬಂದ ಭಾನುವಾರವೇ ಕ್ರಿಸ್‌ಮಸ್ಸು.' ಒಂದು ವರ್ಷ ಅದು ನವೆಂಬರಿನ ಮೊದಲ ವಾರದಲ್ಲೇ ನಡೆದು, ನಮ್ಮ ಕಿಟಕಿಯ ನಕ್ಷತ್ರವನ್ನು ನೋಡಿ ಬೀದಿಯವರೆಲ್ಲ ನಕ್ಕರು. ಕಳೆದ ಮೇ ತಿಂಗಳಲ್ಲಿ ಅವಳು ಮೂರೇ ದಿನದ ಜ್ವರಕ್ಕೆ ಹೋದಳು. ನೀನು ತಲುಪಿದ್ದು ಒಂಬತ್ತನೆಯ ದಿನ. ಅದಕ್ಕಾಗಿ ನಿನ್ನನ್ನು ಅಂದೂ ದೂರಲಿಲ್ಲ, ಇಂದೂ ದೂರುವುದಿಲ್ಲ. ನಡುಗಡಲಿನಲ್ಲಿ ಬಸ್ ನಿಲ್ದಾಣವಿರುವುದಿಲ್ಲ. ಆದರೆ ಜುಲೈಯಲ್ಲಿ ಮತ್ತೆ ಹಡಗು ಹತ್ತುವಾಗ ಮಕ್ಕಳಿಗೆ ಮಾತು ಕೊಟ್ಟವನು ನೀನೇ: ಡಿಸೆಂಬರ್ ಎಂಟರ ಭಾನುವಾರ. ಲಾಯರಮ್ಮ ಕ್ಯಾಲೆಂಡರಿನಲ್ಲಿ ಆ ದಿನವನ್ನು ಕೆಂಪು ಪೆನ್ಸಿಲಿನಿಂದ ಎಷ್ಟು ಸಲ ಸುತ್ತಿದಳೆಂದರೆ ಕಾಗದವೇ ತೂತುಬಿತ್ತು.

ಶನಿವಾರ ಬೆಳಗ್ಗೆ ನಾನು ಕೇಕಿಗೆ ಕೈಹಾಕಿದೆ. ರಾತ್ರಿ ಬಂದಿಳಿಯುವವನು ದಣಿದಿರುತ್ತೀ, ಪ್ರತಿವರ್ಷದ ಹಾಗೆ ನೀನೇ ಒಲೆಯ ಮುಂದೆ ನಿಲ್ಲುವುದು ಬೇಡ ಎಂಬ ಎಣಿಕೆ. ಹಲಗೆಯ ಮೇಲಿದ್ದ ನಿನ್ನ ನೋಟುಬುಕ್ಕನ್ನು ತೆಗೆದೆ. 'ಕ್ರಿಸ್‌ಮಸ್ ಕೇಕು: ಮೈದಾ ಎರಡು ಕಿಲೋ, ಬೆಣ್ಣೆ ಒಂದೂವರೆ, ಮೊಟ್ಟೆ ಮೂವತ್ತು.' ಅದು ಹಡಗಿನ ಇಪ್ಪತ್ತನಾಲ್ಕು ಮಂದಿಯ ಅಳತೆಯೆಂದು ನೀನು ಎಲ್ಲಿಯೂ ಬರೆದಿಲ್ಲ. ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರನಾಗಿದ್ದವನು ನಾನು. ಅಂಗಡಿಯವನ ಕೈಯನ್ನು ಅನುಮಾನಿಸುವುದು ನನ್ನ ವೃತ್ತಿ, ಬರೆದಿಟ್ಟ ಅಳತೆಯನ್ನಲ್ಲ. ಮೂವತ್ತನೆಯ ಮೊಟ್ಟೆ ಒಡೆಯುವ ಹೊತ್ತಿಗೆ ಹಿಟ್ಟು ಪಾತ್ರೆಯಿಂದ ಬಟ್ಟೆ ನೆನೆಸುವ ಟಬ್ಬಿಗೆ ವರ್ಗವಾಗಿತ್ತು (ಮೂರು ಸಲ ತೊಳೆದ ಟಬ್ಬು, ಮುಖ ಸಿಂಡರಿಸಬೇಡ). ಗುಂಡ ಮೊಣಕೈವರೆಗೆ ಅದರೊಳಗೆ. ಟೈಲರಮ್ಮ ಬಾಗಿಲಲ್ಲಿ ನಿಂತು, 'ಇನ್ಸ್‌ಪೆಕ್ಟ್ರೇ, ಕೇಕು ಮಾಡ್ತಿದೀರೋ, ಗೋಡೆ ಕಟ್ತಿದೀರೋ?' ಎಂದು ಕೇಳಿ, ತನ್ನ ಮನೆಯ ಓವನ್ನನ್ನೂ ಹಚ್ಚಿದಳು. ಮೇ ತಿಂಗಳ ನಂತರ ಮಕ್ಕಳು ಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಂದು. ಏಳನೆಯ ತಟ್ಟೆ ಓವನ್ನಿನಲ್ಲಿದ್ದಾಗ, ಸಂಜೆ ಐದಕ್ಕೆ, ನಿನ್ನ ಸಂದೇಶ ಬಂತು. 'ಮಾವ, ಬರೋಕೆ ಆಗ್ತಿಲ್ಲ. ಇನ್ನೂ ನಾಲ್ಕು ತಿಂಗಳು ಹಡಗಲ್ಲೇ. ಮಕ್ಕಳಿಗೆ ಮುತ್ತು.' ಆ ತಟ್ಟೆ ಸೀದುಹೋಯಿತು.

ಆದರೂ ಹಬ್ಬ ನಡೆದೇ ತೀರಬೇಕೆಂದು ಹಟ ಹಿಡಿದವನು ನಾನು. ಭಾನುವಾರ ಗಿಡಕ್ಕೆ ದೀಪ ಹಾಕಿದೆ, ಉಡುಗೊರೆಯ ಪೊಟ್ಟಣಗಳನ್ನು ಜೋಡಿಸಿದೆ. ಲಾಯರಮ್ಮ ಕೈಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತಳು. 'ಅಪ್ಪ ಬಂದ ದಿನ ತಾನೆ ತಾತಾ ಕ್ರಿಸ್‌ಮಸ್ಸು? ಅಪ್ಪ ಬರದೇ ಇದ್ರೆ ಇದು ಬರೀ ಭಾನುವಾರ.' ಕಾಲೇಜಿನ ಚರ್ಚಾಸ್ಪರ್ಧೆಯ ಬೆಳ್ಳಿ ಬಟ್ಟಲನ್ನು ಮೂರು ವರ್ಷ ಬೇರೆಯವರು ಮುಟ್ಟದಂತೆ ಕಾದವನು, ಏಳು ವರ್ಷದ ಹುಡುಗಿಯ ಮುಂದೆ ವಾದದಲ್ಲಿ ಸೋತೆ. ಸೋತವರು ಮಾಡುವುದನ್ನೇ ಮಾಡಿದೆ. 'ಪೊಟ್ಟಣ ತೆಗಿ ಅಂದ್ರೆ ತೆಗೀಬೇಕು' ಎಂದು ಗದರಿದೆ. ಅವಳು ತನ್ನ ಪೊಟ್ಟಣವನ್ನು ಬಿಚ್ಚಿ, ಒಳಗಿದ್ದ ಬಣ್ಣದ ಪೆಟ್ಟಿಗೆಯನ್ನು ನೋಡಿ, ಅದೇ ಕಾಗದದಲ್ಲಿ ಮತ್ತೆ ಸುತ್ತಿಟ್ಟಳು.

ಮೂವರೇ ಇರುವ ಮನೆಯಲ್ಲಿ ಆರು ತಟ್ಟೆ ಕೇಕಿಗೆ ಗತಿ ಏನು? ಹೋಳು ಮಾಡಿ, ಇಬ್ಬರನ್ನೂ ಕರೆದುಕೊಂಡು ಬೀದಿಗಿಳಿದೆ. ಹದಿನೇಳು ಮನೆ, ಹದಿನೇಳು ಬಾಗಿಲಲ್ಲೂ ಒಂದೇ ಪ್ರಶ್ನೆ: 'ಅಳಿಯಂದ್ರು ಬಂದ್ರಾ?' ನಾನು 'ಹಡಗು ತಡವಾಗಿದೆ' ಎಂದೆ. ಜೀವಮಾನವಿಡೀ ಕಳ್ಳತೂಕ ಹಿಡಿದವನು ನಿನ್ನ ಮಾನ ಕಾಯಲು ಸುಳ್ಳು ತೂಗಿದೆ. ನಾಲ್ಕನೆಯ ಬಾಗಿಲಲ್ಲಿ, ಔಷಧಿ ಅಂಗಡಿಯವರ ಎದುರು, ಲಾಯರಮ್ಮ ನನ್ನ ಅಂಗಿ ಜಗ್ಗಿದಳು: 'ಹಡಗು ತಡ ಆಗಿಲ್ಲ ಅಂಕಲ್, ಅಪ್ಪ ಬರಲ್ಲ ಅಂದಿದಾರೆ.' ಆ ಪುಣ್ಯಾತ್ಮರು ಎಲ್ಲಿ ನೋಡುವುದೆಂದು ತಿಳಿಯದೆ ಕೇಕನ್ನು ಹೊಗಳತೊಡಗಿದರು. ನಡುವೆ ಹಸಿಹಸಿಯಾಗಿದ್ದ ಕೇಕು! ಉಳಿದ ಹದಿಮೂರು ಬಾಗಿಲುಗಳಲ್ಲಿ ಉತ್ತರ ಕೊಡುವ ಕೆಲಸವನ್ನು ಅವಳೇ ವಹಿಸಿಕೊಂಡಳು.

ಸೋಮವಾರ ಮಕ್ಕಳನ್ನು ಟೈಲರಮ್ಮನ ಬಳಿ ಬಿಟ್ಟು ಕಂಪನಿಯ ಕಚೇರಿಗೆ ಹೋದೆ, ನಿನ್ನ ಪರವಾಗಿ ಜಗಳವಾಡಲು. ತಾಯಿಯಿಲ್ಲದ ಮಕ್ಕಳ ತಂದೆಯನ್ನು ಹಿಡಿದಿಟ್ಟುಕೊಳ್ಳುವುದು ಯಾವ ಸೀಮೆಯ ನ್ಯಾಯವೆಂಬ ಭಾಷಣವನ್ನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಅಲ್ಲಿನ ಗುಮಾಸ್ತೆ ನನ್ನನ್ನು ಪೂರ್ತಿ ಮಾತಾಡಲು ಬಿಟ್ಟು, ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. 'ನಾವು ಹಿಡಿದಿಟ್ಟಿಲ್ಲ ಸಾರ್. ರಜೆ ಬೇಡ ಅಂತ ಅವರೇ ಬರೆದುಕೊಟ್ಟಿದಾರೆ. ಅಕ್ಟೋಬರಲ್ಲೇ.' ಅಕ್ಟೋಬರಿನಲ್ಲಿ! ಅನಂತರದ ಒಂದೊಂದು ಭಾನುವಾರವೂ ಫೋನಿನಲ್ಲಿ 'ಎಂಟಕ್ಕೆ ಬಂದುಬಿಡ್ತೀನಿ ಪುಟ್ಟಾ' ಎಂದೆಯಲ್ಲ, ಯಾವ ನಾಲಗೆಯಿಂದ? ಗುಮಾಸ್ತೆ ನನಗೆ ನೀರು ತಂದುಕೊಟ್ಟಳು. ಬೈಯಲು ಹೋದವನು ನೀರು ಕುಡಿದು ಬಂದೆ.

ನಿನ್ನ ಪಕ್ಷದ ವಾದವನ್ನೂ ನಾನೇ ಮಂಡಿಸುತ್ತೇನೆ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಲಾರದವನು ಅದನ್ನು ಖಂಡಿಸಬಾರದು. ಅವಳಿಲ್ಲದ ಮನೆಗೆ ಕಾಲಿಡಲಾರೆ. ಅವಳು ಹಿಟ್ಟು ಜರಡಿ ಹಿಡಿಯುತ್ತ ನಿಲ್ಲುತ್ತಿದ್ದ ಜಾಗದ ಪಕ್ಕದಲ್ಲಿ ನಿಂತು ಕೇಕು ಮಾಡಲಾರೆ. ಹಡಗಿನಲ್ಲಾದರೆ ಮೂರು ಹೊತ್ತೂ ಬೇಯಿಸುವ ಗಡಿಬಿಡಿಯಲ್ಲಿ ಯೋಚನೆಗೆ ಬಿಡುವಿಲ್ಲ, ಮಕ್ಕಳು ಹೇಗೂ ಮಾವನ ಹತ್ತಿರ ಕ್ಷೇಮ. ವಾದ ಬಲವಾಗಿಯೇ ಇದೆ. ನನ್ನ ಉತ್ತರ ಇಷ್ಟು: ಅವಳ ಚಪ್ಪಲಿ ಬಾಗಿಲ ಪಕ್ಕದಲ್ಲಿ ಈಗಲೂ ಇದೆ. ಹಾಲಿನವನಿಗೆ ಬಾಗಿಲು ತೆಗೆಯಲು ದಿನವೂ ಬೆಳಗ್ಗೆ ಅದರ ಮುಂದೆಯೇ ಹೋಗುತ್ತೇನೆ. ನಿನಗೆ ಹೆಂಡತಿ ಹೋದಳು, ನಿಜ. ನನಗೆ ಹೋದದ್ದು ಒಬ್ಬಳೇ ಮಗಳು. ನನಗೆ ಹಡಗಿಲ್ಲ. ಇದ್ದಿದ್ದರೆ ನಾನೂ ಹತ್ತಿಬಿಡುತ್ತಿದ್ದೆನೋ ಏನೋ. ಆಗ ಗುಂಡನ ಮೂಗು ಒರೆಸುವವರು ಯಾರು? ದುಃಖಪಡಬೇಡ ಎನ್ನುತ್ತಿಲ್ಲ. ಇಲ್ಲಿಗೆ ಬಂದು ದುಃಖಪಡು. ಜಾಗ ಬೇಕಾದಷ್ಟಿದೆ.

ಬರೆದುಕೊಟ್ಟದ್ದನ್ನು ಇಪ್ಪತ್ತನೆಯ ತಾರೀಖಿನೊಳಗೆ ಹಿಂಪಡೆದರೆ ಮುಂದಿನ ಬಂದರಿನಲ್ಲೇ ಇಳಿಯಬಹುದಂತೆ; ಬದಲಿ ಅಡುಗೆಯವನನ್ನು ಕಳಿಸಲು ಅವರು ಸಿದ್ಧರಿದ್ದಾರೆ. ಗುಮಾಸ್ತೆಯ ಬಾಯಿಂದ ಎರಡೆರಡು ಸಲ ಹೇಳಿಸಿ ಖಚಿತಪಡಿಸಿಕೊಂಡಿದ್ದೇನೆ.

ಕೋಪ ಎಷ್ಟಿದ್ದರೂ ಹಾರೈಕೆಯ ತೂಕದಲ್ಲಿ ಮೋಸ ಮಾಡಿಲ್ಲ: ಕಡಲು ನಿನ್ನನ್ನು ಕಾಯಲಿ, ಸೊಂಟ ನೆಟ್ಟಗಿರಲಿ. ಟೈಲರಮ್ಮ ನಿನ್ನ ಕ್ಷೇಮ ಕೇಳಿದ್ದಾಗಿ ತಿಳಿಸಲು ಹೇಳಿದ್ದಾಳೆ. ಇನ್ನೂ ಏನೋ ಹೇಳಿದಳು, ಅದು ಬರೆಯುವಂಥದ್ದಲ್ಲ.

ಇಂತು,
ನಿನ್ನ ಮಾವ

ತಾ.ಕ.: ಮರೆತದ್ದನ್ನು ಸೇರಿಸುತ್ತಿಲ್ಲ, ಇದನ್ನು ಬರೆಯಬಾರದೆಂದೇ ಇಷ್ಟು ಪುಟ ಸುತ್ತಿದೆ. ಭಾನುವಾರ ಸಂಜೆ ಗುಂಡ ಸ್ನಾನದ ಮನೆಯಿಂದ 'ಅಪ್ಪಾ, ಟವೆಲ್ಲು' ಎಂದು ಕೂಗಿದ. 'ಅಪ್ಪ ಅಲ್ವೋ, ತಾತ' ಎಂದಳು ಅಕ್ಕ. ಅವನು ಮತ್ತೆ ಹಾಗೆಯೇ ಕೂಗಿದ. ಮೇ ತಿಂಗಳಿನಿಂದ ನನ್ನನ್ನು ಹಾಗೆ ಕರೆಯುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. 'ಬಂದೆ ಮಗನೇ' ಎಂದೆ. ಅವನನ್ನು ತಿದ್ದಲಿಲ್ಲ. ನಿನ್ನೆಯೂ ತಿದ್ದಲಿಲ್ಲ. ಈಗ ಒಳಗಿನಿಂದ ಮತ್ತೆ ಕೂಗುತ್ತಿದ್ದಾನೆ, ಹೋಗಬೇಕು. ಬೇಗ ಬಾ. ನನಗೆ ಅದು ಅಭ್ಯಾಸವಾಗುತ್ತಿದೆ.